ಪ್ರಾಜೆಕ್ಟ್ ವರದಿಗೆ ಅಂಕವಿದೆ, ಆರಂಭದ ಪುಟಕ್ಕೆ ಏಕಿಲ್ಲ?

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಪರೀಕ್ಷೆಗಳು ಮುಗಿದು, ಗಟ್ಟಿ ರಟ್ಟಿನ ವರದಿಗಳು ವಿಭಾಗದ ಕಪಾಟು ಸೇರುತ್ತಿರುವ ಈ ಹೊತ್ತಿನಲ್ಲಿ, ಆ ಪ್ರಾಜೆಕ್ಟುಗಳ ಮುಂದಿನ ಗತಿಯ ಬಗ್ಗೆ ಕಾಲೇಜುಗಳ, ವಿಶ್ವವಿದ್ಯಾಲಯದ ಮತ್ತು ಪೋಷಕರ ಗಮನ ಸೆಳೆಯಲು ತಮ್ಮ ಪತ್ರಿಕೆಗೆ ಈ ಪತ್ರ ಬರೆಯುತ್ತಿದ್ದೇನೆ. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕಿಯಾಗಿ ಪ್ರತಿ ವರ್ಷ ಹಲವು ಪ್ರಾಜೆಕ್ಟ್ ತಂಡಗಳಿಗೆ ಮಾರ್ಗದರ್ಶನ ಮಾಡುತ್ತ ಬಂದಿರುವ ನನಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿದೆ. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕಷ್ಟಪಟ್ಟು ಕಟ್ಟಿದ ತಂತ್ರಾಂಶವನ್ನು ಮರುವರ್ಷದ ವಿದ್ಯಾರ್ಥಿಗಳು ಮುಂದುವರಿಸಲೆಂದು ಕೈಗೆತ್ತಿಕೊಂಡಾಗ, ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಚಾಲೂ ಮಾಡುವುದಕ್ಕೂ ಅವರಿಂದ ಆಗುವುದಿಲ್ಲ. ಬಹಳ ಸಲ ಕೋಡ್ ಚೆನ್ನಾಗಿಯೇ ಇರುತ್ತದೆ. ಅದನ್ನು ಎಲ್ಲಿಂದ, ಹೇಗೆ ಆರಂಭಿಸಬೇಕು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿರುವುದಿಲ್ಲ. ಅದನ್ನು ಬರೆದಿಡುವ ಪುಟವನ್ನೇ ನಾನಿಲ್ಲಿ ಆರಂಭದ ಪುಟ ಎನ್ನುತ್ತಿದ್ದೇನೆ.

ನಮ್ಮ ಭಾಗದ ವಿದ್ಯಾರ್ಥಿಗಳು ಆರಿಸಿಕೊಳ್ಳುವ ವಿಷಯಗಳನ್ನು ನೋಡಿದರೆ ಈ ನಷ್ಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಪತ್ತಿನ ಸಹಕಾರ ಸಂಘದ ಸಾಲದ ಲೆಕ್ಕ, ಸಕ್ಕರೆ ಕಾರ್ಖಾನೆಗೆ ಬರುವ ಕಬ್ಬಿನ ಗಾಡಿಗಳ ಸರದಿ, ಗ್ರಾಮ ಪಂಚಾಯಿತಿ ಗ್ರಂಥಾಲಯದ ಪುಸ್ತಕ ಪಟ್ಟಿ, ಇಳಕಲ್ಲಿನ ನೇಕಾರರು ನೇರವಾಗಿ ಸೀರೆ ಮಾರುವ ಜಾಲತಾಣ, ವಿಜಯಪುರ ಜಿಲ್ಲೆಯ ಒಣದ್ರಾಕ್ಷಿಯ ದಾಸ್ತಾನು ಪುಸ್ತಕ ಮುಂತಾದವು ನಮ್ಮ ಹುಡುಗ ಹುಡುಗಿಯರು ತಮ್ಮ ಮನೆಯ, ಊರಿನ ಅಗತ್ಯ ಕಂಡು ಕೈಹಾಕುವ ಕೆಲಸಗಳು. ಮೊದಲ ತಂಡ ಅರ್ಧ ಕಟ್ಟಿದ್ದನ್ನು ಎರಡನೆಯ ತಂಡ ಮುಂದುವರಿಸಿ, ಮೂರನೆಯದು ತಿದ್ದಿ ತೀಡಿದರೆ, ಕೆಲವೇ ವರ್ಷಗಳಲ್ಲಿ ಅದು ಒಂದು ಸಂಘದ ಕಚೇರಿಯಲ್ಲಿ ನಿಜವಾಗಿ ಬಳಕೆಯಾಗುವ ಮಟ್ಟಕ್ಕೆ ಬರಬಲ್ಲದು. ನಡೆಯುತ್ತಿರುವುದು ಬೇರೆ. ಹಳೆಯದನ್ನು ಚಾಲೂ ಮಾಡಲು ಹೆಣಗಿ ಬೇಸತ್ತ ತಂಡ ಅದೇ ವಿಷಯವನ್ನು ಸೊನ್ನೆಯಿಂದ ಮತ್ತೆ ಆರಂಭಿಸುತ್ತದೆ, ಅಥವಾ ಎಲ್ಲಿಂದಲೋ ಸಿದ್ಧ ಪ್ರಾಜೆಕ್ಟ್ ಕೊಂಡು ತರುತ್ತದೆ. ಹೀಗೆ ಕೊಂಡು ತಂದ ವಿದ್ಯಾರ್ಥಿಯನ್ನು ಬೈಯುವುದು ಸುಲಭ. ಹಿಂದಿನವರ ಕೆಲಸದ ಮೇಲೆ ತನ್ನದನ್ನು ಕಟ್ಟುವ ದಾರಿಯನ್ನು ನಾವು ಅವನಿಗೆ ತೆರೆದಿಟ್ಟಿದ್ದೇವೆಯೇ ಎಂದೂ ಕೇಳಬೇಕಾಗುತ್ತದೆ.

ವಿದ್ಯಾರ್ಥಿಗಳು ಬರೆಯುವುದೇ ಇಲ್ಲ ಎನ್ನುವಂತಿಲ್ಲ. ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ, ಸಾರಾಂಶ, ಹಿಂದಿನ ಸಂಶೋಧನೆಗಳ ಸಮೀಕ್ಷೆ, ವಿನ್ಯಾಸದ ನಕ್ಷೆಗಳು, ಫಲಿತಾಂಶ ಎಂದು ಅಧ್ಯಾಯವಾರು ವರದಿ ಸಿದ್ಧವಾಗುತ್ತದೆ. ಅದರ ಅಂಚು, ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರವೆಲ್ಲ ಕೆಂಪು ಪೆನ್ನಿನ ಕೆಳಗೆ ಹಾದು ಬರುತ್ತವೆ. ಅದೇ ತಂಡದ ಕೋಡ್ ಇರುವ ಫೋಲ್ಡರ್ ತೆರೆದರೆ, ತೆರೆದವರು ಮೊದಲು ಓದಲೆಂದು ಇಡುವ ರೀಡ್‌ಮಿ ಎಂಬ ಫೈಲಿನಲ್ಲಿ ಪ್ರಾಜೆಕ್ಟಿನ ಹೆಸರು ಮತ್ತು ಸದಸ್ಯರ ಹೆಸರುಗಳ ಹೊರತು ಏನೂ ಇರುವುದಿಲ್ಲ. ಇದ್ದರೆ "ಬೇಕಾದ ಸಾಫ್ಟ್‌ವೇರ್‌ಗಳನ್ನು ಇನ್‌ಸ್ಟಾಲ್ ಮಾಡಿ, ನಂತರ ರನ್ ಮಾಡಿ" ಎಂಬ ಒಂದು ಸಾಲು. ಯಾವ ಸಾಫ್ಟ್‌ವೇರ್, ಅದರ ಯಾವ ಆವೃತ್ತಿ, ಯಾವ ಫೋಲ್ಡರಿಗೆ ಹೋಗಿ ಯಾವ ಕಮಾಂಡ್ ಕೊಡಬೇಕು, ಕೊಟ್ಟ ಮೇಲೆ ಪರದೆಯ ಮೇಲೆ ಏನು ಕಾಣಬೇಕು ಎಂಬುದೆಲ್ಲ ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ಹಳೆಯ ವಿದ್ಯಾರ್ಥಿಯ ತಲೆಯಲ್ಲಿ ಉಳಿದಿರುತ್ತದೆ. ಈ ಕೊರತೆ ನಮ್ಮ ಜಿಲ್ಲೆಗಳಿಗಷ್ಟೇ ಸೀಮಿತವಾದದ್ದೇನೂ ಅಲ್ಲ. ಕೋಡನ್ನು ಜಾಲದಲ್ಲಿಟ್ಟು ಹಂಚಿಕೊಳ್ಳುವ ತಾಣ ನಡೆಸುವ ಗಿಟ್‌ಹಬ್ ಸಂಸ್ಥೆ 2017ರಲ್ಲಿ ಮುಕ್ತ ತಂತ್ರಾಂಶ (ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ) ಬಳಸುವವರ ಮತ್ತು ಕಟ್ಟುವವರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಶೇ 93ರಷ್ಟು ಮಂದಿ ಅಪೂರ್ಣವಾದ ಅಥವಾ ಹಳತಾದ ದಾಖಲೆಗಳ ಸಮಸ್ಯೆಯನ್ನು ಕಂಡಿರುವುದಾಗಿ ಹೇಳಿದ್ದರು. ಹಾಗಿದ್ದೂ ಕೊಡುಗೆ ನೀಡುವವರಲ್ಲಿ ಶೇ 60ರಷ್ಟು ಮಂದಿ ದಾಖಲೆ ಬರೆಯುವ ಕೆಲಸಕ್ಕೆ ಅಪರೂಪಕ್ಕೆ ಕೈಹಾಕುತ್ತಾರೆ ಅಥವಾ ಹಾಕುವುದೇ ಇಲ್ಲ ಎಂಬುದು ಅದೇ ಸಮೀಕ್ಷೆಯಲ್ಲಿ ಕಂಡುಬಂತು.

ಆರಂಭದ ಪುಟದಲ್ಲಿ ಆವೃತ್ತಿಗಳನ್ನು ನಿಖರವಾಗಿ ಬರೆಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕನ್ನಡಿಗರಿಗೆ ಹತ್ತಿರದ ಕಾರಣವೊಂದಿದೆ. ಮಾಹಿತಿ ಸಂಗ್ರಹಕ್ಕೆ ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಡೇಟಾಬೇಸ್‌ಗಳಲ್ಲಿ ಮೈಎಸ್‌ಕ್ಯುಎಲ್ ಒಂದು. 2018ರಲ್ಲಿ ಬಿಡುಗಡೆಯಾದ ಅದರ 8.0 ಆವೃತ್ತಿಯಿಂದ ಈಚೆಗೆ, ಬಳಸುವವರು ಏನನ್ನೂ ಬದಲಿಸದಿದ್ದರೂ ಅಕ್ಷರಗಳು ಯುಟಿಎಫ್8ಎಂಬಿ4 ಎಂಬ, ಕನ್ನಡಕ್ಕೂ ಜಾಗವಿರುವ ಯುನಿಕೋಡ್ ಸಂಕೇತದಲ್ಲಿ ದಾಖಲಾಗುತ್ತವೆ. ಅದಕ್ಕೂ ಹಿಂದಿನ 5.7ರಲ್ಲಿ, ಬೇರೆ ಏನನ್ನೂ ಹೇಳದಿದ್ದರೆ, ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಲ್ಯಾಟಿನ್1 ಸಂಕೇತ ಜಾರಿಯಲ್ಲಿರುತ್ತಿತ್ತು. ಹೊಸ ಆವೃತ್ತಿಯ ಮೇಲೆ ಕಟ್ಟಿದ ಸಹಕಾರ ಸಂಘದ ತಂತ್ರಾಂಶವನ್ನು ಹಳೆಯ ಆವೃತ್ತಿ ಇರುವ ಪ್ರಯೋಗಾಲಯದ ಕಂಪ್ಯೂಟರಿಗೆ ತಂದು, ಸದಸ್ಯರ ಹೆಸರನ್ನು ಕನ್ನಡದಲ್ಲಿ ಸೇರಿಸಲು ಹೋದರೆ, ಒಂದೋ ದೋಷ ಸಂದೇಶ ಬಂದು ಕೆಲಸ ನಿಲ್ಲುತ್ತದೆ, ಇಲ್ಲವೇ ಹೆಸರು ಇರಬೇಕಾದ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಹೊಸ ವಿದ್ಯಾರ್ಥಿ ಕೋಡಿನಲ್ಲಿ ತಪ್ಪು ಹುಡುಕುತ್ತಾನೆ, ಫಾಂಟ್ ಬದಲಿಸುತ್ತಾನೆ, ನುಡಿ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುತ್ತಾನೆ. ತೊಂದರೆ ಇವ್ಯಾವುದರಲ್ಲೂ ಇಲ್ಲ. "ಮೈಎಸ್‌ಕ್ಯುಎಲ್ 8.0 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು, ಹಳೆಯದಿದ್ದರೆ ಡೇಟಾಬೇಸ್ ರಚಿಸುವಾಗ ಅಕ್ಷರ ಸಂಕೇತವನ್ನು ಯುಟಿಎಫ್8ಎಂಬಿ4 ಎಂದು ಕೊಡಿ" ಎಂಬ ಒಂದೇ ವಾಕ್ಯ ಈ ಅಲೆದಾಟವನ್ನು ಪೂರ್ತಿ ತಪ್ಪಿಸುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಿಷಯದಲ್ಲೂ ಇದೇ ಮಾತು. ಅದರ 2ನೇ ಸರಣಿಗೆ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡಿತು, ಮತ್ತು ಆ ಸರಣಿಗೆ ಬರೆದ ಬಹಳಷ್ಟು ಕೋಡ್ 3ನೇ ಸರಣಿಯಲ್ಲಿ ಮೊದಲ ಸಾಲುಗಳಲ್ಲೇ ನಿಲ್ಲುತ್ತದೆ. "ಪೈಥಾನ್ ಬೇಕು" ಎಂದಷ್ಟೇ ಬರೆದವರು ಓದುಗನಿಗೆ ಏನನ್ನೂ ಹೇಳಿದಂತಾಗಲಿಲ್ಲ. ತಾವು ಬಳಸಿದ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳ) ಪಟ್ಟಿಯನ್ನು ಆವೃತ್ತಿ ಸಂಖ್ಯೆಗಳ ಸಮೇತ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಇಡುವ ಪದ್ಧತಿ ಪೈಥಾನ್ ಬಳಸುವವರಲ್ಲಿ ಹಳೆಯದು. ನಮ್ಮಲ್ಲಿ ಆ ಫೈಲ್ ಇದ್ದರೂ ಸಂಖ್ಯೆಗಳಿರುವುದಿಲ್ಲ.

ಇನ್ನೊಂದು ಉದಾಹರಣೆಯನ್ನೂ ಕನ್ನಡದ ಕೆಲಸದಿಂದಲೇ ಕೊಡುತ್ತೇನೆ. ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಓದಿಕೊಡುವ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ, ನಂತರ ಗೂಗಲ್‌ನ ಆಸರೆಯಲ್ಲಿ ಬೆಳೆದ ಇದು ಕನ್ನಡವನ್ನೂ ಓದುತ್ತದೆ. ಹಳೆಯ ದಾಖಲೆಗಳನ್ನು ಗಣಕಕ್ಕೆ ಏರಿಸುವ ಪ್ರಾಜೆಕ್ಟುಗಳಿಗೆ ನಮ್ಮ ವಿದ್ಯಾರ್ಥಿಗಳು ಇದನ್ನು ಬಳಸುತ್ತಾರೆ. ಆದರೆ ಟೆಸರಾಕ್ಟ್ ಹಾಕಿಕೊಂಡ ಮಾತ್ರಕ್ಕೆ ಕನ್ನಡ ಬರುವುದಿಲ್ಲ. ಕನ್ನಡದ ತರಬೇತಿ ದತ್ತಾಂಶವಿರುವ ಫೈಲನ್ನು ಪ್ರತ್ಯೇಕವಾಗಿ ತಂದು, ಟೆಸ್‌ಡೇಟಾ ಎಂಬ ಫೋಲ್ಡರಿನಲ್ಲಿ ಇಡಬೇಕು. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ಹೆಚ್ಚುವರಿ ಭಾಷೆಗಳ ಪಟ್ಟಿಯಿಂದ ಕನ್ನಡವನ್ನು ಆರಿಸಿಕೊಳ್ಳಬಹುದು, ಉಬುಂಟುವಿನಲ್ಲಿ ಅದಕ್ಕೆ ಬೇರೆಯೇ ಪ್ಯಾಕೇಜ್ ಇದೆ. ಬರೆದವರ ಲ್ಯಾಪ್‌ಟಾಪಿನಲ್ಲಿ ಆ ಫೈಲ್ ಎಂದೋ ಬಂದು ಕೂತಿರುತ್ತದೆಯಾದ್ದರಿಂದ, ಅದೊಂದು ಬೇರೆ ಹೆಜ್ಜೆ ಎಂಬ ನೆನಪೇ ಅವರಿಗಿರುವುದಿಲ್ಲ. "ಟೆಸರಾಕ್ಟ್ ಇನ್‌ಸ್ಟಾಲ್ ಮಾಡಿ" ಎಂಬ ಸೂಚನೆಯನ್ನು ಅಕ್ಷರಶಃ ಪಾಲಿಸಿದ ಹೊಸಬನಿಗೆ ಇಂಗ್ಲಿಷ್ ಪುಟ ಓದಿದ ತಂತ್ರಾಂಶ ಕನ್ನಡ ಪುಟಕ್ಕೆ ಬಂದಾಗ ಭಾಷೆ ಸಿಗಲಿಲ್ಲವೆಂದು ನಿಲ್ಲುತ್ತದೆ. ಲಭ್ಯವಿರುವ ಭಾಷೆಗಳ ಪಟ್ಟಿಯನ್ನು ತೋರಿಸುವ ಕಮಾಂಡ್ ಟೆಸರಾಕ್ಟ್‌ನಲ್ಲೇ ಇದೆ. ಅದನ್ನು ಕೊಟ್ಟು, ಪಟ್ಟಿಯಲ್ಲಿ ಕನ್ನಡದ ಸಂಕೇತ ಕಾಣುತ್ತದೆಯೇ ನೋಡಿ, ಕಾಣದಿದ್ದರೆ ಹೀಗೆ ಮಾಡಿ ಎಂದು ಬರೆದರೆ ಸಾಕು.

ಪ್ರತಿ ಹೆಜ್ಜೆಯ ನಂತರ ಏನು ಕಾಣಬೇಕೆಂಬುದನ್ನು ಬರೆಯುವ ಈ ಅಭ್ಯಾಸವೇ ಒಳ್ಳೆಯ ಆರಂಭ ಪುಟದ ಜೀವಾಳ ಎಂದು ನನ್ನ ನಂಬಿಕೆ. ಇದನ್ನು ಕಲಿಯಲು ಜಾಂಗೋ ಎಂಬ ಜಾಲತಾಣ ನಿರ್ಮಾಣ ಚೌಕಟ್ಟಿನ ಆರಂಭಿಕ ಪಾಠವನ್ನು ನನ್ನ ವಿದ್ಯಾರ್ಥಿಗಳಿಗೆ ಓದಲು ಹೇಳುತ್ತೇನೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಸ್ಥಳೀಯ ದಿನಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕರಿಗೆ ದೊರೆತ ಜಾಂಗೋ, ಜಗತ್ತಿನಾದ್ಯಂತ ಹರಡುವುದಕ್ಕೆ ಅದರ ದಾಖಲೆಗಳ ಗುಣಮಟ್ಟವೂ ಒಂದು ಕಾರಣ ಎಂಬುದು ನನ್ನ ಎಣಿಕೆ. ಆ ಪಾಠ ಮೊದಲು ಜಾಂಗೋ ಇದೆಯೇ, ಇದ್ದರೆ ಯಾವ ಆವೃತ್ತಿ ಎಂದು ಪರೀಕ್ಷಿಸುವ ಕಮಾಂಡ್ ಕೊಡುತ್ತದೆ. ಇಲ್ಲದಿದ್ದರೆ ಏನು ಸಂದೇಶ ಬರುತ್ತದೆಂದು ತಿಳಿಸುತ್ತದೆ. ಪಾಠ ಯಾವ ಆವೃತ್ತಿಗೆ ಬರೆದದ್ದೆಂದು ಸ್ಪಷ್ಟವಾಗಿ ಹೇಳಿ, ಬೇರೆ ಆವೃತ್ತಿಯವರಿಗೆ ಅವರ ಪಾಠಕ್ಕೆ ಹೋಗುವ ದಾರಿ ತೋರಿಸುತ್ತದೆ. ನಂತರ ಸರ್ವರ್ ಚಾಲೂ ಮಾಡಿದಾಗ ಪರದೆಯ ಮೇಲೆ ಮೂಡುವ ಸಾಲುಗಳನ್ನೇ ಮುದ್ರಿಸಿ, ಬ್ರೌಸರಿನಲ್ಲಿ 8000 ಸಂಖ್ಯೆಯ ಪೋರ್ಟ್ (ಸರ್ವರನ್ನು ತಲುಪುವ ಬಾಗಿಲಿನ ಸಂಖ್ಯೆ) ತೆರೆದರೆ ಮೇಲೇರುವ ರಾಕೆಟ್ ಚಿತ್ರದ ಅಭಿನಂದನಾ ಪುಟ ಕಾಣುತ್ತದೆಂದು ಹೇಳುತ್ತದೆ. ಆ ಪುಟ ಕಂಡವನಿಗೆ ತಾನು ಇಲ್ಲಿಯವರೆಗೆ ಸರಿಯಾಗಿ ಬಂದಿದ್ದೇನೆಂಬ ಖಾತ್ರಿ ಸಿಗುತ್ತದೆ, ಕಾಣದವನಿಗೆ ಎಲ್ಲಿ ತಪ್ಪಿತೆಂಬುದು ತಿಳಿಯುತ್ತದೆ. ಕಂಪ್ಯೂಟರ್ ವಿಜ್ಞಾನಿಗಳಾದ ಕರ್ನಿಘನ್ ಮತ್ತು ರಿಚಿ 1978ರಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಠ್ಯ ಬರೆದಾಗಲೂ ಪರದೆಯ ಮೇಲೆ ಎರಡು ಪದ ಮೂಡಿಸುವ ಪುಟ್ಟ ಪ್ರೋಗ್ರಾಮಿನಿಂದ ಆರಂಭಿಸಿ, ಅದನ್ನು ಎಲ್ಲಿ ಬರೆಯಬೇಕು, ಹೇಗೆ ಕಂಪೈಲ್ ಮಾಡಬೇಕು (ಯಂತ್ರದ ಭಾಷೆಗೆ ತರಬೇಕು), ಉತ್ತರ ಎಲ್ಲಿ ಬರುತ್ತದೆಂದು ಕಂಡುಕೊಳ್ಳುವುದೇ ಕಲಿಯುವವನ ಮೊದಲ ದೊಡ್ಡ ಅಡ್ಡಿ ಎಂದು ಗುರುತಿಸಿದ್ದರು. ಅಂಥ ತಜ್ಞರು ಅಷ್ಟು ಹಿಂದೆಯೇ ಗಂಭೀರವಾಗಿ ತೆಗೆದುಕೊಂಡ ಆ ಅಡ್ಡಿಯನ್ನು ನಾವು ಇಂದಿಗೂ ವಿದ್ಯಾರ್ಥಿಯ ಸಾಮರ್ಥ್ಯದ ಕೊರತೆ ಎಂದು ಬಗೆಯುವುದು ನನಗೆ ಸರಿಕಾಣುವುದಿಲ್ಲ.

ನಮ್ಮ ಪ್ರಯೋಗಾಲಯಗಳ ಸ್ಥಿತಿಗತಿಯನ್ನೂ ಬರೆಯುವವರು ಗಮನದಲ್ಲಿಡಬೇಕು. ಅನೇಕ ಕಡೆ ವಿದ್ಯಾರ್ಥಿಗಳಿಗೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿರುವುದಿಲ್ಲ, ಹೊಸದೇನನ್ನೂ ಅವರು ಇನ್‌ಸ್ಟಾಲ್ ಮಾಡುವಂತಿಲ್ಲ. ಹಳ್ಳಿಯ ಮನೆಯಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಕೆಲಸ ಮಾಡುವವರಿಗೆ ದಿನದ ಡೇಟಾ ಮಿತಿ ಇರುತ್ತದೆ; ಒಂದು ಕಮಾಂಡ್ ಕೊಟ್ಟೊಡನೆ ನೂರಾರು ಎಂಬಿ ಇಳಿಯುತ್ತದೆಂಬುದನ್ನು ಅವರಿಗೆ ಮೊದಲೇ ತಿಳಿಸುವುದು ಸೌಜನ್ಯ. ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರ ಸಮೇತ ಒಂದೇ ಕಟ್ಟಾಗಿ ಕಟ್ಟಿಕೊಡುವ ಡಾಕರ್ ಬಳಸಿದರೆ ಈ ರಗಳೆಯೇ ಇರುವುದಿಲ್ಲ ಎನ್ನುವ ಸ್ನೇಹಿತರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಡಾಕರ್‌ಗೂ ಒಂದು ಆರಂಭವಿದೆ: ವಿಂಡೋಸ್ ಯಂತ್ರದಲ್ಲಿ ಅದು ನಡೆಯಬೇಕಾದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಎಂಬ ಸೌಲಭ್ಯ ಚಾಲೂ ಇರಬೇಕು, ಸಾಕಷ್ಟು ರ‍್ಯಾಮ್ ಇರಬೇಕು, ಇವೆರಡೂ ಹಳೆಯ ಪ್ರಯೋಗಾಲಯಗಳಲ್ಲಿ ಖಚಿತವಿಲ್ಲ. ವಿಂಡೋಸ್‌ಗೆ ಪೈಥಾನ್ ಹಾಕುವಾಗ ಅದನ್ನು ಪಾತ್‌ಗೆ (ಕಮಾಂಡ್ ಕೊಟ್ಟಾಗ ಕಂಪ್ಯೂಟರ್ ಹುಡುಕುವ ಫೋಲ್ಡರುಗಳ ಪಟ್ಟಿಗೆ) ಸೇರಿಸುವ ಚೌಕಕ್ಕೆ ಗುರುತು ಹಾಕದೆ ಮುಂದೆ ಹೋದರೆ, ಆಮೇಲೆ ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡು ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ. ಇಂಥವನ್ನು ಬಲ್ಲವರು ಎರಡೆರಡು ಸಾಲು ಬರೆದಿಟ್ಟರೆ ಎಷ್ಟೋ ಸಂಜೆಗಳು ಉಳಿಯುತ್ತವೆ.

ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ವಿಶೇಷವಾಗಿ ಅಂಟಿಕೊಂಡ ಇನ್ನೊಂದು ತೊಡಕು, ಅದು ಬರೆದವರ ಸ್ವಂತ ಖಾತೆಗಳನ್ನು ನೆಚ್ಚಿಕೊಂಡಿರುವುದು. ಲಾಗಿನ್ ಆಗಲು ಒಟಿಪಿ ಬರಬೇಕು, ಒಟಿಪಿ ಕಳಿಸುವ ಸೇವೆ ಒಬ್ಬ ವಿದ್ಯಾರ್ಥಿಯ ಉಚಿತ ಖಾತೆಯಲ್ಲಿದೆ, ಆ ಖಾತೆಯ ಅವಧಿ ಮುಗಿದ ದಿನ ಇಡೀ ತಂತ್ರಾಂಶದ ಬಾಗಿಲು ಮುಚ್ಚುತ್ತದೆ. ಅಥವಾ ಲಾಗಿನ್ ಪುಟ ಚೆನ್ನಾಗಿ ತೆರೆಯುತ್ತದೆ, ಡೇಟಾಬೇಸ್ ಖಾಲಿ ಇರುವುದರಿಂದ ಒಳಗೆ ಹೋಗಲು ಒಬ್ಬ ಬಳಕೆದಾರನೂ ಇಲ್ಲ. ಹೊರಗಿನ ಯಾವ ಯಾವ ಸೇವೆಗಳ ಕೀಲಿ (ಆ ಸೇವೆ ಬಳಸಲು ಕೊಡುವ ಗುಪ್ತ ಸಂಕೇತ) ಬೇಕು, ಅವನ್ನು ಎಲ್ಲಿ ಪಡೆಯಬೇಕು, ಯಾವ ಫೈಲಿನಲ್ಲಿ ತುಂಬಬೇಕು, ಕೀಲಿ ಇಲ್ಲದೆಯೂ ಪರೀಕ್ಷೆಗೆ ಒಳಹೋಗುವ ದಾರಿ ಯಾವುದು ಎಂಬುದು ಪುಟದಲ್ಲಿರಬೇಕು. ಜೊತೆಗೆ ಹತ್ತಾರು ಕಾಲ್ಪನಿಕ ಹೆಸರುಗಳ, ಯುನಿಕೋಡ್ ಕನ್ನಡದ ಮಾದರಿ ದತ್ತಾಂಶವಿರಬೇಕು. ನಿಜವಾದ ಪಾಸ್‌ವರ್ಡ್‌ಗಳನ್ನು, ನಿಜವಾದ ಸದಸ್ಯರ ಫೋನ್ ನಂಬರುಗಳನ್ನು ಎಂದಿಗೂ ಅಲ್ಲಿ ಇಡಬಾರದು.

ಇಷ್ಟೆಲ್ಲ ಬರೆಯಬೇಕೆಂದು ಹೇಳಿಕೊಟ್ಟರೂ ವಿದ್ಯಾರ್ಥಿ ತಾನೊಬ್ಬನೇ ಕೂತು ಬರೆದ ಪುಟ ಅರೆಯಾಗಿಯೇ ಉಳಿಯುತ್ತದೆ, ಮತ್ತು ಇದರಲ್ಲಿ ಅವನ ಸೋಮಾರಿತನವಿಲ್ಲ. ಕೆಲಸದಲ್ಲಿ ಮುಳುಗಿದವನಿಗೆ ತನಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲವೆಂಬುದು ಕಾಣುವುದಿಲ್ಲ. ವರ್ಷದ ಹಿಂದೆ ಯಾವುದೋ ಲ್ಯಾಬ್ ತರಗತಿಗೆಂದು ಹಾಕಿಕೊಂಡ ಸಾಫ್ಟ್‌ವೇರ್, ಎಂದೋ ತಿದ್ದಿದ ಸೆಟ್ಟಿಂಗ್, ಹಿನ್ನೆಲೆಯಲ್ಲಿ ತಾನಾಗಿ ಚಾಲೂ ಆಗುವ ಸರ್ವರ್, ಇವೆಲ್ಲ ಅವನ ಲ್ಯಾಪ್‌ಟಾಪಿನಲ್ಲಿ ಮೌನವಾಗಿ ಕೆಲಸ ಮಾಡುತ್ತಿರುತ್ತವೆ. "ನಮ್ಮ ಲ್ಯಾಪ್‌ಟಾಪಿನ್ಯಾಗ ಚಲೋ ನಡೀತೈತ್ರಿ, ಮೇಡಂ" ಎಂದು ಅವನು ಹೇಳುವಾಗ ಅದು ನಿಜವೇ ಆಗಿರುತ್ತದೆ. ಹೀಗಾಗಿ ಪುಟವನ್ನು ಪರೀಕ್ಷಿಸಲು ಇರುವುದು ಒಂದೇ ನಂಬಲರ್ಹ ಮಾರ್ಗ: ಆ ಪ್ರಾಜೆಕ್ಟನ್ನು ಹಿಂದೆಂದೂ ನೋಡದ ಕಿರಿಯ ತರಗತಿಯ ವಿದ್ಯಾರ್ಥಿಯೊಬ್ಬಳನ್ನು, ಏನನ್ನೂ ಮೊದಲೇ ಹಾಕಿರದ ಕಂಪ್ಯೂಟರಿನ ಮುಂದೆ ಕೂರಿಸಿ, ಪುಟವನ್ನು ಕೈಗೆ ಕೊಡುವುದು. ಬರೆದವನು ಅವಳ ಹಿಂದೆ ಕೂರಬೇಕು, ಬಾಯಿ ಬಿಡಬಾರದು. ಅವಳು ಎಲ್ಲಿ ನಿಂತಳು, ಯಾವ ಸಾಲನ್ನು ಎರಡು ಸಲ ಓದಿದಳು, ಯಾವ ಕಮಾಂಡನ್ನು ಬೇರೆ ಫೋಲ್ಡರಿನಲ್ಲಿ ಕೊಟ್ಟಳು, ಎಲ್ಲಿ ಗೂಗಲ್ ತೆರೆದಳು ಎಂಬುದನ್ನು ಗುರುತು ಹಾಕಿಕೊಂಡು, ಆಮೇಲೆ ಆ ಆ ಜಾಗದಲ್ಲಿ ಪುಟವನ್ನು ತಿದ್ದಬೇಕು. ತಿದ್ದಿದ ಮೇಲೆ ಇನ್ನೊಬ್ಬ ಹೊಸಬನನ್ನು ಕರೆಯಬೇಕು, ಏಕೆಂದರೆ ಮೊದಲಿನವಳು ಈಗ ಹೊಸಬಳಾಗಿ ಉಳಿದಿಲ್ಲ. ನಮ್ಮ ಕೆಲವು ತಂಡಗಳು ಇದನ್ನು ಮಾಡಿ ನೋಡಿವೆ. ಹಿಂದೆ ಕೂತವರಿಗೆ ಮಾತಾಡದೆ ಇರುವುದೇ ಕಷ್ಟವಾಗುತ್ತದೆ. "ಅಲ್ಲಿ ಒತ್ತು" ಎಂದು ನಾಲಿಗೆಯ ತುದಿಗೆ ಬರುವ ಪ್ರತಿಯೊಂದು ಮಾತೂ ಪುಟದಲ್ಲಿ ಬಿಟ್ಟುಹೋದ ಒಂದು ಸಾಲು ಎಂಬುದು ಅವರಿಗೆ ಅರ್ಥವಾಗುವುದು ಆಗಲೇ.

ವಿದ್ಯಾರ್ಥಿಗಳು ಒದ್ದಾಡಿಯೇ ಕಲಿಯಬೇಕು, ಎಲ್ಲವನ್ನೂ ಬಾಯಿಗೆ ಇಟ್ಟರೆ ಕಲಿಯುವುದಿಲ್ಲ ಎಂದು ಕೆಲವು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಅನುಭವಕ್ಕೆ ನನ್ನ ಗೌರವವಿದೆ. ಕಬ್ಬಿನ ಗಾಡಿಗಳ ಸರದಿಯನ್ನು ನ್ಯಾಯವಾಗಿ ಹಂಚುವುದು ಹೇಗೆಂದು ಒದ್ದಾಡಲಿ, ಸಾಲದ ಬಡ್ಡಿಯ ಲೆಕ್ಕ ಪೈಸೆ ತಪ್ಪದಂತೆ ಬರೆಯಲು ಒದ್ದಾಡಲಿ. ಆ ಒದ್ದಾಟದಿಂದ ಅವರು ಎಂಜಿನಿಯರ್ ಆಗುತ್ತಾರೆ. ಹಿಂದಿನ ವರ್ಷದವನು ಯಾವ ಪೋರ್ಟ್ ಬಳಸಿದ್ದನೆಂದು ಊಹಿಸುವ ಒದ್ದಾಟದಿಂದ ಯಾವ ವಿದ್ಯೆಯೂ ಬರುವುದಿಲ್ಲ. ಮೇಲಾಗಿ ಈ ಒದ್ದಾಟ ಎಲ್ಲರಿಗೂ ಸಮನಾಗಿ ಬರುವುದಿಲ್ಲ. ಮನೆಯಲ್ಲಿ ಬಲ್ಲ ಅಣ್ಣನೋ ಅಕ್ಕನೋ ಇರುವವನು ಫೋನ್ ಹಚ್ಚಿ ಕೇಳುತ್ತಾನೆ. ಬೀಳಗಿಯಿಂದಲೋ ಸಿಂದಗಿಯಿಂದಲೋ ಬಂದ, ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲೇರಿದ ಹುಡುಗಿ ತನಗೇ ಬುದ್ಧಿ ಸಾಲದು ಎಂದುಕೊಂಡು ಸುಮ್ಮನಾಗುತ್ತಾಳೆ. ಆರಂಭದ ಪುಟ ಮೊದಲು ಬೇಕಾಗಿರುವುದು ಆಕೆಗೆ.

ಇದೇ ಕಾರಣಕ್ಕೆ ಈ ಪುಟಗಳು ಕನ್ನಡದಲ್ಲೂ ಇರಬೇಕೆಂದು ಕೋರುತ್ತೇನೆ. ಮೇಲೆ ಹೇಳಿದ 2017ರ ಸಮೀಕ್ಷೆಯಲ್ಲಿಯೇ, ಮುಕ್ತ ತಂತ್ರಾಂಶ ಲೋಕದ ಸುಮಾರು ಕಾಲುಭಾಗ ಜನ ತಮ್ಮ ಇಂಗ್ಲಿಷ್ ಓದು ಬರಹ ಅತ್ಯುತ್ತಮ ಮಟ್ಟದ್ದಲ್ಲ ಎಂದಿದ್ದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರು ನಮ್ಮ ತರಗತಿಗಳಲ್ಲಿ ಇದ್ದಾರೆ. ಕನ್ನಡದಲ್ಲಿ ಬರೆಯುವಾಗ ಒಂದು ಎಚ್ಚರಿಕೆ ಅಗತ್ಯ: ಕಮಾಂಡ್‌ಗಳು, ಗುಂಡಿಗಳ ಹೆಸರುಗಳು, ದೋಷ ಸಂದೇಶಗಳು ಪರದೆಯ ಮೇಲೆ ಹೇಗಿವೆಯೋ ಹಾಗೆಯೇ ಇರಬೇಕು, ಅವುಗಳ ಸುತ್ತಲಿನ ವಿವರಣೆ, ಏಕೆ ಮಾಡುತ್ತಿದ್ದೇವೆ, ತಪ್ಪಿದರೆ ಏನು ಮಾಡಬೇಕು ಎಂಬುದು ಕನ್ನಡದಲ್ಲಿರಬೇಕು. ಗುಂಡಿಯ ಹೆಸರನ್ನೂ ಕನ್ನಡಿಸಿಬಿಟ್ಟರೆ ಓದುಗ ಪರದೆಯ ಮೇಲೆ ಇಲ್ಲದ್ದನ್ನು ಹುಡುಕುತ್ತ ಕೂರುತ್ತಾನೆ.

ಪುಟದ ಬದಲು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವವರೂ ಇದ್ದಾರೆ. ಜೊತೆಗಿದ್ದರೆ ಒಳ್ಳೆಯದೇ, ಆದರೆ ವಿಡಿಯೊದಿಂದ ಕಮಾಂಡನ್ನು ನಕಲು ಮಾಡಲಾಗದು, ಒಂದು ಸಾಲು ಬದಲಾದರೆ ತಿದ್ದಲಾಗದು. ಈಚೆಗೆ ಹೆಚ್ಚುತ್ತಿರುವುದು ಕೃತಕ ಬುದ್ಧಿಮತ್ತೆಯಿಂದ ಬರೆಸಿದ ರೀಡ್‌ಮಿಗಳು. ನೋಡಲು ಅಚ್ಚುಕಟ್ಟಾಗಿರುತ್ತವೆ, ತಲೆಬರಹಗಳು, ಬಣ್ಣದ ಚಿಹ್ನೆಗಳು ಎಲ್ಲವೂ ಇರುತ್ತವೆ. ಪಾಲಿಸಲು ಹೊರಟರೆ ಫೋಲ್ಡರಿನಲ್ಲಿ ಇಲ್ಲದ ಫೈಲನ್ನು ಓಡಿಸಿ ಎನ್ನುತ್ತವೆ. ಆ ಸಾಧನಗಳನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಬರೆದದ್ದು ಯಾರೇ ಆಗಿರಲಿ, ಆ ಹೆಜ್ಜೆಗಳನ್ನು ಒಬ್ಬ ಮನುಷ್ಯ ಹೊಸ ಯಂತ್ರದಲ್ಲಿ ನಡೆದು ನೋಡಿದ್ದಾನೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಒಮ್ಮೆ ಸರಿಯಾಗಿದ್ದ ಪುಟವೂ ಹಳತಾಗುತ್ತದೆ. ಕೋಡ್ ಬದಲಾಗಿ ಪುಟ ಹಾಗೇ ಉಳಿದರೆ, ಹಳೇ ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಮುಳುಗಿದ ಓಣಿಯ ಗುರುತು ಹೇಳಿ ಇಂದಿನ ಅಪರಿಚಿತನಿಗೆ ದಾರಿ ತೋರಿಸಿದಂತಾಗುತ್ತದೆ. ಆದ್ದರಿಂದ ಪುಟ ಕೋಡಿನ ಜೊತೆಯಲ್ಲೇ, ಅದೇ ಫೋಲ್ಡರಿನಲ್ಲಿ ಇರಬೇಕು. ಆರಂಭಿಸುವ ಕ್ರಮವನ್ನು ಬದಲಿಸುವವರು ಅದೇ ಸಲ ಪುಟವನ್ನೂ ಬದಲಿಸಿ ಒಟ್ಟಿಗೇ ದಾಖಲಿಸಬೇಕು. ರೀಡ್‌ಮಿ ಫೈಲನ್ನು ಪ್ರಾಜೆಕ್ಟಿನ ಮುಖಪುಟದಲ್ಲಿ ತಾನಾಗಿ ತೋರಿಸುವ ವ್ಯವಸ್ಥೆ ಗಿಟ್‌ಹಬ್‌ನಲ್ಲಿ ಇರುವುದರಿಂದ ಇದಕ್ಕೆ ಪ್ರತ್ಯೇಕ ಖರ್ಚೂ ಇಲ್ಲ, ಜಾಗವೂ ಬೇಕಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾಗಿ, ನಮ್ಮದೇ ಬೆಳಗಾವಿಯಲ್ಲಿ ಕೇಂದ್ರ ಸ್ಥಾನ ಹೊಂದಿ, ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಮೌಲ್ಯಮಾಪನದ ರೀತಿಯನ್ನು ನಿರ್ಧರಿಸುವ ಸಂಸ್ಥೆ. ತಂತ್ರಾಂಶ ಸಂಬಂಧಿ ಪ್ರಾಜೆಕ್ಟುಗಳ ವರದಿಗೆ ಕೊಡುವ ಅಂಕಗಳಲ್ಲಿ ಒಂದು ಪಾಲನ್ನು ಈ ಆರಂಭದ ಪುಟಕ್ಕೆ ಮೀಸಲಿಡಬೇಕೆಂದು ವಿಶ್ವವಿದ್ಯಾಲಯವನ್ನು ವಿನಂತಿಸುತ್ತೇನೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೂ ಅಂತಿಮ ವರದಿಯ ಜೊತೆಗೆ ಇದನ್ನು ಕೇಳಬಹುದು. ಆದೇಶ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಪರೀಕ್ಷೆಗೆ ಬರುವ ಹೊರಗಿನ ಪರೀಕ್ಷಕರು ತಂಡದ ಲ್ಯಾಪ್‌ಟಾಪಿನಲ್ಲಿ ಪ್ರದರ್ಶನ ನೋಡಿದ ಮೇಲೆ, ಪ್ರಯೋಗಾಲಯದ ಬೇರೊಂದು ಕಂಪ್ಯೂಟರ್ ತೋರಿಸಿ, "ನಿಮ್ಮ ಪುಟ ನೋಡಿಕೊಂಡು ಇದರಲ್ಲಿ ಚಾಲೂ ಮಾಡಿಸಿ" ಎಂದು ಕಿರಿಯ ವಿದ್ಯಾರ್ಥಿಯೊಬ್ಬನ ಕೈಗೆ ಪುಟವನ್ನು ಕೊಡಬಹುದು. ಹಾಗೆ ಕೇಳುತ್ತಾರೆಂಬುದು ಮುಂದಿನ ಸಾಲಿನ ಪ್ರಾಜೆಕ್ಟ್ ತಂಡಗಳು ರಚನೆಯಾಗುವ ಮೊದಲೇ ಗೊತ್ತಾದರೆ, ವಿದ್ಯಾರ್ಥಿಗಳು ಮೊದಲ ವಾರದಿಂದಲೇ ಬರೆಯಲು ಶುರು ಮಾಡುತ್ತಾರೆ. ಈ ಬಗ್ಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಕಾಲೇಜುಗಳ ವಿಭಾಗ ಮುಖ್ಯಸ್ಥರು ಈ ಬೇಸಿಗೆ ರಜೆಯಲ್ಲಿಯೇ ಒಮ್ಮೆ ಕೂಡಿ ಮಾತಾಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ಸೈನ್ಸ್ ಉಪನ್ಯಾಸಕಿ
ನವನಗರ, ಬಾಗಲಕೋಟೆ